ಹಳೆ ಸ್ವಿಫ್ಟಿಗೆ ಟ್ರ್ಯಾಕಿನ ದಾರಿ

ಐಟಿಐನ ಮೋಟಾರ್ ಮೆಕ್ಯಾನಿಕ್ ತರಗತಿಯಲ್ಲಿ ಇಂಜಿನ್ ಪಾಠ ಶುರುವಾದ ವಾರದಲ್ಲೇ ಯಾರಾದರೊಬ್ಬ ಹುಡುಗ ಕೈ ಎತ್ತುತ್ತಾನೆ. ‘ಸಾರ್, ಮನೇಲಿ ಹಳೇ ಸ್ವಿಫ್ಟ್ ಅದೆ. ಏನ್ ಹಾಕ್ಸುದ್ರೆ ಇನ್ನೂ ಜೋರಾಗ್ ಹೋಯ್ತದೆ?’ ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಗೋವಿಂದನಹಳ್ಳಿ ಇರಲಿ, ಪಾಂಡವಪುರ, ನಾಗಮಂಗಲದ ಕಡೆಯ ಊರುಗಳಿರಲಿ, ಕಬ್ಬಿನ ದುಡ್ಡು ಕೈಗೆ ಬಂದ ಎಷ್ಟೋ ಮನೆಗಳಿಗೆ ಒಂದು ಕಾಲದಲ್ಲಿ ಸ್ವಿಫ್ಟ್ ಬಂದಿತ್ತು. ಈಗ ಅಪ್ಪ ದೊಡ್ಡ ಗಾಡಿ ತಗೊಂಡಿದ್ದಾರೆ, ಹಳೆಯದು ಮಗನ ಪಾಲಿಗೆ ಬಿದ್ದಿದೆ. ಪ್ರಶ್ನೆ ಸಹಜವೇ. ನಾನು ಕೊಡುವ ಉತ್ತರ ಮಾತ್ರ ಅವನಿಗೆ ಮೊದಮೊದಲು ರುಚಿಸುವುದಿಲ್ಲ. ಜೋರಾಗಿ ಹೋಗುವ ಮಾತು ಕೊನೆಗಿರಲಿ. ಆ ಕಾರು ಹತ್ತು ಸಲ, ಇಪ್ಪತ್ತು ಸಲ, ಬಿಡುವಿಲ್ಲದೆ ಜೋರಿನಿಂದ ನಿಧಾನಕ್ಕೆ ಇಳಿಯಬಲ್ಲದೇ ಅದನ್ನು ಮೊದಲು ನೋಡೋಣ ಅನ್ನುತ್ತೇನೆ. ಈ ಲೇಖನವೂ ಅದೇ ಕ್ರಮದಲ್ಲಿ ಹೋಗುತ್ತದೆ.

ಜೋರಿನ ಆಸೆಗೆ ಜಾಗ ಯಾವುದು ಅನ್ನುವುದನ್ನು ಇತ್ಯರ್ಥ ಮಾಡಿಬಿಡೋಣ. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಕಡೆ ಹುಡುಗರಿಗೆ ಮನೆ ಬಾಗಿಲಿಗೇ ರೇಸ್ ಟ್ರ್ಯಾಕ್ ಬಂದಂತಾಗಿದೆ. ಅಲ್ಲಿ ಕಾರಿಗೆ ಮಿತಿ ಗಂಟೆಗೆ 100 ಕಿ.ಮೀ.; ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವೂ ಇಲ್ಲ. ಹಾಗಿದ್ದರೂ ಅದು ರಸ್ತೆಯೇ. ಲೈಟಿಲ್ಲದೆ ನಿಂತ ಲಾರಿ ಇರುತ್ತದೆ, ಕುಟುಂಬ ಕೂತ ಕಾರು ಇರುತ್ತದೆ. ತಿರುವಿನಾಚೆ ಏನಿದೆ ಎಂದು ಬಾವುಟ ಬೀಸಿ ಹೇಳುವವರು ಅಲ್ಲಿಲ್ಲ. ಟ್ರ್ಯಾಕಿನಲ್ಲಿ ಇರುತ್ತಾರೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಅದು.

ಆ ಟ್ರ್ಯಾಕಿಗೆ ಸ್ವಂತ ಕಾರು ಇಳಿಸುವ ದಾರಿಯೇ ಟ್ರ್ಯಾಕ್ ಡೇ. ಅದು ರೇಸ್ ಅಲ್ಲ. ರೇಸಿನಲ್ಲಿ ಸ್ಥಾನಕ್ಕೆ ಪೈಪೋಟಿ, ನಿಯಮಾವಳಿ, ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಎಲ್ಲ ಬೇಕು. ಟ್ರ್ಯಾಕ್ ಡೇಯಲ್ಲಿ ಹಣ ಕಟ್ಟಿ, ಒಂದು ಸುರಕ್ಷಿತ ಸರ್ಕ್ಯೂಟಿನಲ್ಲಿ ನಿಮ್ಮ ಕಾರನ್ನು ನಿಮ್ಮ ಮಟ್ಟಕ್ಕೆ ತಕ್ಕಂತೆ ಓಡಿಸುತ್ತೀರಿ. ಹೊಸಬರು, ಅನುಭವಿಗಳು ಎಂದು ಗುಂಪು ಮಾಡಿ, ಸಾಮಾನ್ಯವಾಗಿ ಹದಿನೈದಿಪ್ಪತ್ತು ನಿಮಿಷದ ಸರದಿಗಳಲ್ಲಿ ಬಿಡುತ್ತಾರೆ. ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ಬರೀ ನೇರ ದಾರಿಯಲ್ಲಿ, ಅದೂ ಮುಂದಿನವರು ಕೈಸನ್ನೆ ಮಾಡಿ ಜಾಗ ಬಿಟ್ಟಾಗ. ಗೆದ್ದವರು ಯಾರೂ ಇಲ್ಲ, ಕಪ್ಪೂ ಇಲ್ಲ. ಅದಕ್ಕೇ ಹಳೆ ಹ್ಯಾಚ್‌ಬ್ಯಾಕಿಗೆ ಇದು ಹೇಳಿಮಾಡಿಸಿದ ಜಾಗ.

ಕರ್ನಾಟಕದ ಮೋಟಾರ್ ಸ್ಪೋರ್ಟ್ ಬೆಳೆದದ್ದು ಹೆಚ್ಚಾಗಿ ಮಣ್ಣಿನ ಮೇಲೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳು ಇವುಗಳ ಹೆಸರು ದೇಶಕ್ಕೇ ಗೊತ್ತು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದ ಕರ್ಣ ಕಡೂರ್, ಚೇತನ್ ಶಿವರಾಮ್ ಬೆಂಗಳೂರಿನವರು. ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದ ಮೂಸಾ ಶರೀಫ್ ಕಾಸರಗೋಡಿನವರು. ನಮಗೆ ಇನ್ನೂ ಹತ್ತಿರದಲ್ಲಿ, ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನದಲ್ಲಿ ದಸರಾ ಸಮಯಕ್ಕೆ ಗ್ರಾವೆಲ್ ಫೆಸ್ಟ್ ಎಂಬ ಮಣ್ಣಿನ ಸ್ಪರ್ಧೆ ಕೆಲವು ವರ್ಷ ನಡೆದಿದೆ. ಡಾಂಬರಿನ ಸರ್ಕ್ಯೂಟ್ ಬೇಕೆಂದರೆ ಮಾತ್ರ ಗಡಿ ದಾಟಬೇಕು. ಚೆನ್ನೈಗೆ ಸ್ವಲ್ಪ ಮೊದಲು, ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಟ್ರ್ಯಾಕ್ ಇದೆ: 3.717 ಕಿ.ಮೀ., 12 ತಿರುವು. ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ: 2.1 ಕಿ.ಮೀ. ದೆಹಲಿಯ ಹತ್ತಿರ 2011ರಲ್ಲಿ ಫಾರ್ಮುಲಾ ಒನ್ ನಡೆದ ಬುದ್ಧ ಸರ್ಕ್ಯೂಟ್ 5.125 ಕಿ.ಮೀ.; ಅದು ನಮಗೆ ದೂರದ ಮಾತು, ಹಳೆ ಸ್ವಿಫ್ಟಿಗೆ ಅಷ್ಟುದ್ದದ ನೇರ ದಾರಿ ಬೇಕಾಗಿಯೂ ಇಲ್ಲ.

ಚಿಕ್ಕ ಕಾರಿಗೆ ಚಿಕ್ಕ ಟ್ರ್ಯಾಕೇ ಚೆಂದ. ಕರಿ ಸ್ಪೀಡ್‌ವೇಗೆ ಹೆಸರು ಕೊಟ್ಟ ಎಸ್. ಕರಿವರ್ಧನ್ ಇದನ್ನು ಬಲ್ಲವರಾಗಿದ್ದರು. ಮಾರುತಿ 800ರ ಪುಟ್ಟ ಇಂಜಿನನ್ನು ತೆಗೆದು ಒಂಟಿ ಸೀಟಿನ ರೇಸ್ ಕಾರಿಗೆ ಕೂರಿಸಿ, ಸಾಮಾನ್ಯರ ಕೈಗೆಟಕುವ ಫಾರ್ಮುಲಾ ಮಾರುತಿ ವರ್ಗವನ್ನು ಹುಟ್ಟುಹಾಕಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅದೇ ದಾರಿಯಲ್ಲಿ ಮುಂದೆ ಎಸ್ಟೀಮ್, ಸ್ವಿಫ್ಟ್‌ಗಳ 1.3 ಲೀಟರ್ ಇಂಜಿನ್‌ಗಳೂ ಎಲ್‌ಜಿಬಿ ಫಾರ್ಮುಲಾ ಕಾರುಗಳಿಗೆ ಹೋದವು. ನಿಮ್ಮ ಕೊಟ್ಟಿಗೆ ಪಕ್ಕ ನಿಂತಿರುವ ಮೊದಲ ತಲೆಮಾರಿನ 1.3 ಪೆಟ್ರೋಲ್ ಸ್ವಿಫ್ಟಿನ ಬಾನೆಟ್ ಎತ್ತಿದರೆ ಕಾಣುವುದು ಆ ಇಂಜಿನ್ನೇ.

ಹಾಗಾದರೆ ಯಾವ ಕಾರು? ನನ್ನ ಓಟು 2005ರಲ್ಲಿ ಬಂದ ಸ್ವಿಫ್ಟ್ 1.3 ಪೆಟ್ರೋಲಿಗೆ. 87 ಅಶ್ವಶಕ್ತಿ, ಸುಮಾರು ಒಂದು ಟನ್ ತೂಕ, ಗಟ್ಟಿ ಬಾಡಿ, ಚೆನ್ನಾದ ಸ್ಟಿಯರಿಂಗ್. ಬಿಡಿಭಾಗ ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ; ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಎಂಟುನೂರು ಕೆ.ಜಿ.ಯನ್ನೂ ತೂಗದ 1993ರ ಝೆನ್ ಓಡಿಸಲು ಬಲು ಮಜಾ, ಆದರೆ ತುಕ್ಕು ಹಿಡಿಯದ ಝೆನ್ ಸಿಗುವುದು ಕಷ್ಟ. ಫಿಯಟ್ ಪಾಲಿಯೊ 1.6 ಗಟ್ಟಿಗ, ಬಿಡಿಭಾಗ ಹುಡುಕುವ ತಾಳ್ಮೆ ಇದ್ದರೆ ಮಾತ್ರ ಕೈ ಹಾಕಿ. ಪೋಲೊ ಒಳ್ಳೆಯದೇ, ಖರ್ಚು ಒಂದು ಮೆಟ್ಟಿಲು ಮೇಲೆ. ಡೀಸೆಲ್ ಸ್ವಿಫ್ಟ್ ಎಳೆತದಲ್ಲಿ ಜೋರು ನಿಜ, ಆದರೆ ಮೂತಿ ಭಾರ. ಮುಂದಿನ ಚಕ್ರವೇ ಎಳೆಯಬೇಕು, ಅದೇ ತಿರುಗಬೇಕು, ಬ್ರೇಕಿನ ಹೆಚ್ಚಿನ ಪಾಲನ್ನೂ ಅದೇ ಹೊರಬೇಕು. ಅದರ ತಲೆ ಮೇಲೆ ಇನ್ನಷ್ಟು ಕಬ್ಬಿಣ ಹೇರುವುದು ಕಲಿಯುವವನಿಗೆ ಒಳ್ಳೆಯದಲ್ಲ.

ಕಾರು ಮನೆಯದೇ ಆಗಲಿ, ಕೊಂಡದ್ದೇ ಆಗಲಿ, ಮೊದಲ ಕೆಲಸ ಅದನ್ನು ರ‍್ಯಾಂಪಿಗೆ ಹತ್ತಿಸಿ ಕೆಳಗಿನಿಂದ ನೋಡುವುದು. ಬಾಗಿಲ ಕೆಳಗಿನ ಪಟ್ಟಿ, ಮ್ಯಾಟಿನಡಿಯ ನೆಲ, ಮುಂದಿನ ಶಾಕ್ ಅಬ್ಸಾರ್ಬರ್ ತಲೆ ಕೂರುವ ಜಾಗ ಈ ಮೂರರಲ್ಲಿ ತುಕ್ಕಿದ್ದರೆ ಆ ಬಾಡಿಯನ್ನು ಬಿಟ್ಟುಬಿಡಿ, ಟಿಂಕರಿಂಗ್ ಮಾಡಿಸಿ ಟ್ರ್ಯಾಕಿಗೆ ಒಯ್ಯುವ ಮಾತು ಬೇಡ. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಗಳಲ್ಲಿ ಇದನ್ನು ಎರಡು ಸಲ ನೋಡಬೇಕು. ನಮ್ಮ ಕಡೆಯ ಗಾಡಿಗಳ ಕಾಯಿಲೆ ಬೇರೆ: ಗದ್ದೆ ದಾರಿಯ ದೂಳು ಕುಡಿದ ಏರ್ ಫಿಲ್ಟರು, ಹಂಪು–ಗುಂಡಿಗಳಲ್ಲಿ ಸತ್ತ ಬುಶ್ಶುಗಳು. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳೆಸಿ; ಒಂದರದ್ದು ಉಳಿದ ಮೂರಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಮೊದಲು ಅದರ ಕಾರಣ ಹುಡುಕಬೇಕು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಬಣ್ಣದ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ಯಾರಿಗೂ ನೆನಪಿಲ್ಲದಿದ್ದರೆ ಇವತ್ತೇ ಬದಲಿಸಿ. ಅದರ ಜೊತೆಗೆ ವಾಟರ್ ಪಂಪ್, ಟೆನ್ಷನರ್ ಕೂಡ, ಹೇಗೂ ಬಿಚ್ಚಿರುತ್ತೀರಿ.

ಇನ್ನು ಬ್ರೇಕಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬ್ರೇಕ್ ಕಾರನ್ನು ನಿಲ್ಲಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಮಾಡುವುದು ಓಟದ ಶಕ್ತಿಯನ್ನು ಶಾಖವನ್ನಾಗಿ ಬದಲಿಸುವ ಕೆಲಸ. ವೇಗ ಎರಡರಷ್ಟಾದರೆ ಆ ಶಕ್ತಿ ನಾಲ್ಕರಷ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣ. ಹೈಸ್ಕೂಲಿನಲ್ಲಿ ಬರೆದ ಸೂತ್ರವೇ ಇದು. ಡ್ರೈವರ್ ಸೇರಿ 1,100 ಕೆ.ಜಿ. ತೂಗುವ ಸ್ವಿಫ್ಟನ್ನು ಗಂಟೆಗೆ 130 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ ಸುಮಾರು 560 ಕಿಲೊಜೌಲ್ ಹೊರಬೀಳುತ್ತದೆ. ಒಂದೂವರೆ ಲೀಟರಿಗೂ ಮಿಕ್ಕಿದ ನಲ್ಲಿ ನೀರನ್ನು ಕುದಿ ಬರಿಸಲು ಇಷ್ಟು ಸಾಕು. ಒಂದೇ ಸಲ ಪೆಡಲ್ ಒತ್ತಿದ್ದಕ್ಕೆ ಇಷ್ಟು, ಅದೂ ನಾಲ್ಕೈದು ಸೆಕೆಂಡಿನಲ್ಲಿ, ಹೆಚ್ಚುಪಾಲು ಮುಂದಿನ ಎರಡು ಡಿಸ್ಕಿನ ಮೇಲೆ. ರಸ್ತೆಯಲ್ಲಿ ಹಾಗೆ ಒತ್ತುವುದು ಎಂದೋ ಒಮ್ಮೆ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಹಲವು ಸಲ, ಡಿಸ್ಕ್ ಆರಲು ಬಿಡುವೇ ಕೊಡದೆ.

ಬಣ್ಣಾರಿ ಅಮ್ಮನ ದರ್ಶನಕ್ಕೆ ಚಾಮರಾಜನಗರದ ಮೇಲೆ ಹೋದವರಿಗೆ ದಿಂಬಂ ಘಾಟಿನ 27 ಹೇರ್‌ಪಿನ್ ತಿರುವುಗಳನ್ನು ಇಳಿಯುವಾಗ ಮುಂದಿನ ಗಾಡಿಗಳಿಂದ ಬರುವ ಸುಟ್ಟ ವಾಸನೆ ಗೊತ್ತು. ಅದು ಕಾದ ಪ್ಯಾಡಿನದು. ಪ್ಯಾಡ್ ತನ್ನ ಮಿತಿ ಮೀರಿ ಕಾದರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಧಾನವಾಗುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ಕೆಟ್ಟದ್ದು. ಶಾಖ ಕ್ಯಾಲಿಪರ್ ದಾಟಿ ಒಳಗಿನ ಬ್ರೇಕ್ ಆಯಿಲಿಗೆ ತಲುಪಿ ಅದು ಕುದಿದರೆ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಹಾಗಾಗಿ ಪೆಡಲ್ ಮೆತ್ತಗಾಗಿ ಕಾಲಡಿಗೆ ಹೋಗಿಬಿಡುತ್ತದೆ. ಎರಡು ಲಕ್ಷಣಗಳ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಬದಲಿಸಬೇಕು, ಪೆಡಲ್ಲೇ ಮೆತ್ತಗಾದರೆ ಆಯಿಲ್ ಬದಲಿಸಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇವೇ ಅಂಕಿಗಳು 205 ಮತ್ತು 140. ಮೂರು ವರ್ಷದಿಂದ ಬದಲಿಸದ ಆಯಿಲಿನಲ್ಲಿ ಟ್ರ್ಯಾಕಿಗೆ ಹೋದರೆ ಏನಾದೀತು ಎಂದು ಇನ್ನು ಹೇಳಬೇಕಿಲ್ಲ. ಸೀಲ್ ಒಡೆಯದ ಹೊಸ ಡಾಟ್ 4 ಡಬ್ಬ ತಂದು, ನಾಲ್ಕೂ ಚಕ್ರದಲ್ಲಿ ಹಳೆಯದನ್ನು ಪೂರ್ತಿ ಹೊರಹಾಕಿ, ಗಾಳಿ ತೆಗೆಸಿ. ಇಡೀ ತಯಾರಿಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಬೆಲೆಬಾಳುವ ಕೆಲಸ ಇನ್ನೊಂದಿಲ್ಲ. ಆಮೇಲೆ ಮುಂದಿನ ಎರಡು ಚಕ್ರಕ್ಕೆ ಹೆಚ್ಚು ಶಾಖ ತಡೆಯುವ ಪ್ಯಾಡ್. ಗೀರು, ತೂತು ಇರುವ ಅಲಂಕಾರದ ಡಿಸ್ಕ್ ಬೇಡ. ಕಂಪನಿಯ ಸಾದಾ ಡಿಸ್ಕ್ ಹೊಸದಿದ್ದರೆ ಸಾಕು. ರಬ್ಬರ್ ಬ್ರೇಕ್ ಪೈಪುಗಳು ಹದಿನೈದು ವರ್ಷದವಾದರೆ ಅವನ್ನೂ ಬದಲಿಸಿ. ಹೊಸ ಪ್ಯಾಡನ್ನು ಹಾಕಿದ ದಿನವೇ ಜೋರಾಗಿ ಒತ್ತಬಾರದು. ಖಾಲಿ ದಾರಿಯಲ್ಲಿ ಹದವಾಗಿ ಹತ್ತಾರು ಸಲ ಒತ್ತಿ, ನಡುನಡುವೆ ಆರಲು ಬಿಟ್ಟು, ಡಿಸ್ಕಿಗೆ ಪ್ಯಾಡ್ ಕೂರುವಂತೆ ಮಾಡಬೇಕು. ಹಿಂದಿನ ಡ್ರಮ್ಮುಗಳನ್ನು ಬಿಚ್ಚಿ ದೂಳು ತೆಗೆದು, ಶೂ ಸರಿಹೊಂದಿಸಿ, ವೀಲ್ ಸಿಲಿಂಡರ್ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡರೆ ಅಲ್ಲಿಗೆ ಮುಗಿಯಿತು.

ಬ್ರೇಕ್ ಎಷ್ಟೇ ಗಟ್ಟಿಯಿದ್ದರೂ ನೆಲ ಹಿಡಿಯುವುದು ಟೈರ್. ನಾಲ್ಕು ಅಂಗೈಯಗಲದ ರಬ್ಬರ್ ಮೇಲೆ ಇಡೀ ಕಾರು ನಿಂತಿರುತ್ತದೆ. ಮೊದಲು ಟೈರಿನ ವಯಸ್ಸು ನೋಡಿ: ಪಕ್ಕದ ಗೋಡೆಯ ಮೇಲೆ ನಾಲ್ಕಂಕಿ ಒತ್ತಿರುತ್ತಾರೆ, 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರೇಳು ವರ್ಷದ ಟೈರಿನ ಗುಂಡಿ ಚೆನ್ನಾಗಿ ಕಂಡರೂ ರಬ್ಬರ್ ಗಡುಸಾಗಿರುತ್ತದೆ, ಹಿಡಿತ ಬರದು. ಸ್ವಿಫ್ಟಿನ ಕೆಳ ಮಾದರಿಗಳಿಗೆ ಕಂಪನಿ 165/80 ಆರ್14 ಕೊಟ್ಟಿತ್ತು, ಝೆಡ್‌ಎಕ್ಸ್‌ಐಗೆ 185/70 ಆರ್14. ಗುಜರಿಯಲ್ಲಿ ಝೆಡ್‌ಎಕ್ಸ್‌ಐನ ರಿಮ್ ಒಂದು ಜೊತೆ ಅಲ್ಲ, ನಾಲ್ಕೂ ಸಿಕ್ಕರೆ ತನ್ನಿ, ವಕ್ರ ಇಲ್ಲ ಎಂದು ಬ್ಯಾಲೆನ್ಸಿಂಗ್ ಮಿಷನ್ ಮೇಲೆ ತಿರುಗಿಸಿ ನೋಡಿ. ಹದಿನಾರಿಂಚು, ಹದಿನೇಳಿಂಚು ರಿಮ್ ಹಾಕಿಸುವ ಆಸೆ ಬಿಡಿ. ಅವು ಭಾರ, ಸಣ್ಣ ಇಂಜಿನಿಗೆ ಹೊರೆ, ಟೈರಿನ ಬೆಲೆಯೂ ಜಾಸ್ತಿ.

ಗಾಳಿಯ ವಿಷಯದಲ್ಲಿ ಹೊಸಬರು ತಪ್ಪುವುದು ಹೆಚ್ಚು. ಟೈರ್ ಕಾದಾಗ ಒಳಗಿನ ಒತ್ತಡ ಏರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ 30 ಇದ್ದದ್ದು ಒಂದು ಸರದಿ ಮುಗಿಸಿ ಬರುವಷ್ಟರಲ್ಲಿ 37–38 ಆಗಿರಬಹುದು. ಅತಿ ಉಬ್ಬಿದ ಟೈರ್ ನಡುಭಾಗದಲ್ಲಷ್ಟೇ ನೆಲ ಮುಟ್ಟಿ ಜಾರತೊಡಗುತ್ತದೆ. ಆದ್ದರಿಂದ ಒಳಗೆ ಬಂದ ತಕ್ಷಣ ಬಿಸಿಯಲ್ಲೇ ಅಳೆಯಿರಿ, 34–35ರ ಆಸುಪಾಸಿಗೆ ಇಳಿಸಿ, ಪ್ರತಿ ಸರದಿಯ ನಂತರವೂ ಬರೆದಿಡಿ. ಸ್ವಂತ ಗೇಜ್ ಒಂದು ಇರಲೇಬೇಕು. ಪಂಚರ್ ಅಂಗಡಿಯ ಎರಡು ಗೇಜುಗಳು ಒಂದೇ ಅಂಕಿ ತೋರಿಸಿದ್ದನ್ನು ನಾನು ಕಂಡಿಲ್ಲ. ಸಂಜೆ ಮನೆ ಕಡೆ ಹೊರಡುವ ಮೊದಲು ಮತ್ತೆ ಗಾಳಿ ತುಂಬಿಸುವುದನ್ನು ಮರೆಯಬೇಡಿ. ಟ್ರ್ಯಾಕಿಗೆ ಇಳಿಸಿದ ಗಾಳಿ ಹೆದ್ದಾರಿಯಲ್ಲಿ ತಣ್ಣಗಾದರೆ ತೀರಾ ಕಡಿಮೆಯಾಗಿಬಿಡುತ್ತದೆ.

ಸಸ್ಪೆನ್ಷನ್ ಬಗ್ಗೆ ಗ್ಯಾರೇಜಿನ ಹುಡುಗರಿಗೆ ಗೊತ್ತಿರುವ ಒಂದೇ ಮಂತ್ರ: ಸ್ಪ್ರಿಂಗ್ ಕಟ್ ಮಾಡಿಸು, ಗಾಡಿ ಕೂರಿಸು. ದಯವಿಟ್ಟು ಬೇಡ. ಕತ್ತರಿಸಿದ ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಮೇಲೇಳಲು ಜಾಗ ಕಡಿಮೆಯಾಗಿ ತಿರುವಿನ ನಡುವೆ ಶಾಕ್ ಅಬ್ಸಾರ್ಬರ್ ತನ್ನ ರಬ್ಬರ್ ತಡೆಗೆ ಬಡಿಯುತ್ತದೆ. ಬಡಿದ ಕ್ಷಣ ಆ ಚಕ್ರದ ಹಿಡಿತ ಹೋದ ಹಾಗೇ. ಲೋಯರ್ ಆರ್ಮ್‌ಗಳೂ ತಲೆಕೆಳಗಾದ ಕೋನದಲ್ಲಿ ನಿಂತು, ಕಾರು ತಗ್ಗಾಗಿ ಕಂಡರೂ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲುವ ಸಾಧ್ಯತೆಯುಂಟು. ಹದಿನೈದು ವರ್ಷದ ಕಾರಿಗೆ ಬೇಕಿರುವುದು ಬೇರೆಯೇ: ನಾಲ್ಕು ಹೊಸ ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೇಲಿನ ಮೌಂಟಿಂಗ್, ಇಂಜಿನ್ ಮೌಂಟಿಂಗ್. ಇವೆಲ್ಲ ಕಂಪನಿಯ ಭಾಗಗಳೇ ಆಗಿರಲಿ. ಇಷ್ಟನ್ನು ಮಾಡಿಸಿ ಒಮ್ಮೆ ಓಡಿಸಿದವರು ‘ಇದು ನನ್ನ ಗಾಡಿನಾ?’ ಎಂದು ಕೇಳದೆ ಇರುವುದಿಲ್ಲ. ಕೊನೆಗೆ ಒಳ್ಳೆಯ ಮಿಷನ್ ಇರುವ ಕಡೆ ಅಲೈನ್‌ಮೆಂಟ್. ಮೊದಲ ಸಲಕ್ಕೆ ಕಂಪನಿ ಹೇಳಿದ ಅಂಕಿಗಳೇ ಸಾಕು.

ಇಂಜಿನಿಗೆ ಬೇಕಿರುವುದು ಶಕ್ತಿಗಿಂತ ಮೊದಲು ತಂಪು. ರೇಡಿಯೇಟರ್ ಒಳಗಿನ ಕೆಸರು ತೆಗೆಸಿ, ಹೊಸ ಕೂಲೆಂಟ್ ತುಂಬಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಹಳೇ ಮೇಸ್ತ್ರಿ ಪದ್ಧತಿಯನ್ನು ಬಿಟ್ಟು ಹೊಸದನ್ನು ಹಾಕಿ. ಇರುಂಗಾಟ್ಟುಕೋಟೆಯ ಬಿಸಿಲಿನಲ್ಲಿ ಏಸಿ ಆರಿಸಿ ಇಪ್ಪತ್ತು ನಿಮಿಷ ಓಡಿಸುವಾಗ ನಿಮಗಿಂತ ಮೊದಲು ರೇಡಿಯೇಟರ್ ಸುಸ್ತಾಗುತ್ತದೆ. ಹೊಸ ಇಂಜಿನ್ ಆಯಿಲ್, ಫಿಲ್ಟರ್. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಬದಿಗೆ ಸರಿದು ಪಂಪಿನ ಬಾಯಿಗೆ ಗಾಳಿ ಸಿಗುವ ಅಪಾಯ ಇರುವುದರಿಂದ ಮಟ್ಟ ಮೇಲಿನ ಗುರುತಿಗಿಂತ ಕೆಳಗೆ ಇರಬಾರದು. ಪ್ರತಿ ಸರದಿಯ ನಂತರ ಕಡ್ಡಿ ಎಳೆದು ನೋಡಿ.

ಟರ್ಬೊ? ಬೇಡ. ಜೋರು ಸದ್ದಿನ ಸೈಲೆನ್ಸರ್? ಸದ್ದಷ್ಟೇ ಬರುತ್ತದೆ. ಕೈಯಲ್ಲಿ ಒಂದು ಲಕ್ಷ ಇದೆ ಅಂದುಕೊಳ್ಳಿ. ನಾನಾದರೆ ಅರ್ಧಕ್ಕಿಂತ ಹೆಚ್ಚನ್ನು ಟೈರ್, ಬ್ರೇಕ್, ಸಸ್ಪೆನ್ಷನ್‌ಗೆ ಹಾಕಿ, ಉಳಿದದ್ದರಲ್ಲಿ ಇಂಜಿನ್ ಸರ್ವಿಸ್ ಮತ್ತು ಹೆಲ್ಮೆಟ್ ಮುಗಿಸಿ, ಮಿಕ್ಕದ್ದನ್ನು ಟ್ರ್ಯಾಕಿನ ಶುಲ್ಕಕ್ಕೂ ಪೆಟ್ರೋಲಿಗೂ ಇಟ್ಟುಕೊಳ್ಳುತ್ತೇನೆ. ಇಂಜಿನ್ ಶಕ್ತಿಗೆ ಒಂದು ರೂಪಾಯಿಯೂ ಇಲ್ಲ. 87 ಅಶ್ವಶಕ್ತಿಯನ್ನು ಪೂರ್ತಿ ಬಳಸಲು ಬರುವವರೆಗೆ 88ನೆಯದು ಯಾಕೆ?

ತೂಕ ಇಳಿಸುವುದಕ್ಕೆ ಮಾತ್ರ ಖರ್ಚಿಲ್ಲ. ಟ್ರ್ಯಾಕಿಗೆ ತಲುಪಿದ ಮೇಲೆ ಸ್ಟೆಪ್ನಿ, ಜ್ಯಾಕ್, ಮ್ಯಾಟುಗಳು, ಡಿಕ್ಕಿಯ ಸಾಮಾನು, ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯವರೆಗೆ ಎಲ್ಲ ಇಳಿಸಿ ಒಂದು ಟಾರ್ಪಾಲಿನ ಮೇಲೆ ಜೋಡಿಸಿ. ಕಾರಿನೊಳಗೆ ಸಡಿಲವಾದದ್ದು ಏನೂ ಇರಕೂಡದು. ಬ್ರೇಕ್ ಒತ್ತಿದಾಗ ನೀರಿನ ಬಾಟಲಿ ಉರುಳಿ ಪೆಡಲ್ ಕೆಳಗೆ ಸೇರಿಕೊಂಡರೆ ಮುಂದಿನದನ್ನು ಊಹಿಸಬಹುದು. ಬ್ಯಾಟರಿಯ ಕ್ಲಾಂಪ್ ಬಿಗಿಯಿದೆಯೇ ನೋಡಿ. ವೀಲ್ ನಟ್ಟುಗಳನ್ನು ಕಾಲಲ್ಲಿ ತುಳಿದು ಬಿಗಿ ಮಾಡುವ ಅಭ್ಯಾಸ ಬಿಟ್ಟು, ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಿ, ಮೊದಲ ಸರದಿಯ ನಂತರ ಮತ್ತೊಮ್ಮೆ ನೋಡಿ. ಮುಂದಿನ ಎಳೆಯುವ ಕೊಕ್ಕೆ ಕೈಗೆ ಸಿಗುವಂತಿರಲಿ.

ರೋಲ್ ಕೇಜ್ ಬಗ್ಗೆ ಕೇಳುವವರಿಗೆ: ಅದು ರೇಸಿಗೆ ಹೋಗುವವರ ವಿಷಯ. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಯ ನಿಯಮದಲ್ಲಿ ಮುಖ್ಯ ಕಮಾನಿನ ಪೈಪ್ ಬೆಸುಗೆಯಿಲ್ಲದ ಉಕ್ಕಿನದಾಗಿ, 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ ಅಥವಾ 50ಕ್ಕೆ 2 ಮಿ.ಮೀ. ದಪ್ಪ ಇರಬೇಕು. ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯ ಪೈಪು ಅದಕ್ಕೆ ಬಾರದು. ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಓಡಿಸುವ ಕಾರಿನೊಳಗೆ ಕೇಜ್ ಇದ್ದರೆ, ಸಣ್ಣ ಡಿಕ್ಕಿಯಲ್ಲೂ ತಲೆ ಹೋಗಿ ಬಡಿಯುವುದು ಅದಕ್ಕೇ. ಹೊಸಬರಿಗೆ ಕಂಪನಿಯ ಸೀಟು, ಕಂಪನಿಯ ಮೂರು ಬಿಂದುವಿನ ಬೆಲ್ಟು ಸಾಕು. ಕುತ್ತಿಗೆ ಬಾಗದಂತೆ ಸೀಟನ್ನು ನೆಟ್ಟಗೆ ಮಾಡಿ, ಮುಂದಕ್ಕೆ ಎಳೆದು, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರುವಂತೆ ಕೂರಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಕಡ್ಡಾಯ. ಬೈಕಿನದಕ್ಕೆ ಅನುಮತಿ ಇದೆಯೇ ಎಂದು ಆಯೋಜಕರನ್ನು ಮೊದಲೇ ಕೇಳಿ. ಸ್ನೆಲ್ ಸಂಸ್ಥೆಯ ಎಸ್‌ಎ ಗುರುತಿನ ಕಾರ್ ಹೆಲ್ಮೆಟ್ಟಿಗೆ ಬೆಂಕಿಯ ಪರೀಕ್ಷೆಯೂ ಆಗಿರುತ್ತದೆ, ಬೈಕಿನದಕ್ಕೆ ಅದಿಲ್ಲ. ತೋಳು ಪೂರ್ತಿ ಮುಚ್ಚುವ ಹತ್ತಿ ಬಟ್ಟೆ, ತೆಳು ಅಡಿಯ ಶೂ ಹಾಕಿಕೊಳ್ಳಿ. ಚಪ್ಪಲಿಯಲ್ಲಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸುತ್ತಾರೆ, ಸರಿಯಾಗಿಯೇ.

ಕಾಗದಪತ್ರದ ಮಾತು ಬೇಸರದ್ದು, ಆದರೂ ಕೇಳಿ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲ ಸ್ವಿಫ್ಟುಗಳೆಲ್ಲ ಆ ಗಡಿ ದಾಟಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ನಾನು ಮೇಲೆ ಹೇಳಿದ ಪ್ಯಾಡು, ಆಯಿಲು, ಬುಶ್ಶು ಯಾವುದೂ ಇದಕ್ಕೆ ಅಡ್ಡ ಬರುವುದಿಲ್ಲ; ಸೀಟು ಕಿತ್ತು ಕೇಜ್ ಹಾಕಿದ ಕಾರು ಬರುತ್ತದೆ, ಅದನ್ನು ಲಾರಿಯ ಮೇಲೆ ಒಯ್ಯಬೇಕಾಗುತ್ತದೆ. ವಿಮೆಯ ಪುಸ್ತಿಕೆಯನ್ನು ತೆಗೆದು ಓದಿ: ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸು, ವೇಗ ಪರೀಕ್ಷೆ ಮುಂತಾದ ಬಳಕೆಗೆ ರಕ್ಷಣೆ ಇಲ್ಲವೆಂದು ಬರೆದೇ ಇರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ. ನೀವು ಬಿಟ್ಟುಕೊಡಲು ಸಿದ್ಧವಿರುವಷ್ಟು ಬೆಲೆಯ ಕಾರನ್ನೇ ಒಯ್ಯಿರಿ ಎನ್ನುವುದು ಇದಕ್ಕೇ. ಹಳೆ ಹ್ಯಾಚ್‌ಬ್ಯಾಕಿನ ಪರವಾಗಿ ಇದಕ್ಕಿಂತ ಬಲವಾದ ವಾದವೂ ಇಲ್ಲ.

ನಮ್ಮೂರಿನಿಂದ ಇರುಂಗಾಟ್ಟುಕೋಟೆ ನಾನೂರಕ್ಕೂ ಮಿಕ್ಕಿದ ಕಿಲೊಮೀಟರ್. ಹಿಂದಿನ ದಿನವೇ ಹೊರಟು, ಹತ್ತಿರದಲ್ಲಿ ಉಳಿದು, ನಿದ್ದೆ ಮಾಡಿ. ಕೊಯಮತ್ತೂರು ಇನ್ನೂ ಹತ್ತಿರ, ಆದರೆ ದಿಂಬಂ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಹಗಲಿನಲ್ಲೇ ದಾಟುವಂತೆ ಹೊರಡಬೇಕು. ಬೆಳಗಿನ ಸೂಚನಾ ಸಭೆ ತಪ್ಪಿಸಬೇಡಿ. ಬಾವುಟಗಳು ಕೆಲವೇ. ಹಳದಿ ಎಂದರೆ ಮುಂದೆ ಅಪಾಯ, ನಿಧಾನಿಸಿ, ಓವರ್‌ಟೇಕ್ ಇಲ್ಲ. ಕೆಂಪು ಎಂದರೆ ಸರದಿ ನಿಂತಿದೆ, ವೇಗ ಇಳಿಸಿ ಪಿಟ್‌ಗೆ ಬನ್ನಿ. ನೀಲಿ ಎಂದರೆ ಹಿಂದೆ ಜೋರಾದ ಕಾರಿದೆ, ಜಾಗ ಬಿಡಿ. ಹಳದಿ ಮೇಲೆ ಕೆಂಪು ಪಟ್ಟೆ ಇದ್ದರೆ ದಾರಿ ಜಾರುತ್ತಿದೆ. ಕಪ್ಪು ತೋರಿಸಿದರೆ ಅದು ನಿಮಗೇ, ಒಳಗೆ ಬಂದು ಮಾತಾಡಿ.

ಓಡಿಸುವುದರಲ್ಲಿ ಮೊದಲ ದಿನಕ್ಕೆ ಒಂದೇ ಪಾಠ ಇಟ್ಟುಕೊಳ್ಳಿ: ಬ್ರೇಕೆಲ್ಲ ನೇರದಲ್ಲೇ ಮುಗಿಸಿ, ಆಮೇಲೆ ಸ್ಟಿಯರಿಂಗ್ ತಿರುಗಿಸಿ. ಟೈರಿನ ಹಿಡಿತಕ್ಕೆ ಮಿತಿಯಿದೆ, ಅದನ್ನು ನಿಲ್ಲಿಸುವುದಕ್ಕೂ ತಿರುಗಿಸುವುದಕ್ಕೂ ಒಟ್ಟಿಗೆ ಪೂರ್ತಿ ಬಳಸಲಾಗದು. ತಿರುವಿಗೆ ಜೋರಾಗಿ ನುಗ್ಗಿದ ಸ್ವಿಫ್ಟ್ ಎಷ್ಟು ತಿರುಗಿಸಿದರೂ ನೇರಕ್ಕೇ ಜಾರುತ್ತದೆ. ಆಗ ಇನ್ನೂ ತಿರುಗಿಸಬೇಡಿ, ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಮುಂದಿನ ಚಕ್ರ ಮತ್ತೆ ಹಿಡಿಯುತ್ತದೆ. ಒಮ್ಮೆಲೇ ಕಾಲು ಕಿತ್ತರೆ ಹಿಂಭಾಗ ಹಗುರಾಗಿ ಹೊರಕ್ಕೆ ಬೀಸುವುದುಂಟು. ಕಣ್ಣು ಮುಂದಿನ ಕಾರಿನ ಡಿಕ್ಕಿಯ ಮೇಲಲ್ಲ, ಮುಂದಿನ ತಿರುವಿನ ಒಳಬದಿಯ ಮೇಲೆ. ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಮುಗಿಸಿ, ಗಾಳಿ ಡಿಸ್ಕನ್ನು ಆರಿಸಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡ್ರಮ್ಮಿಗೆ ಶೂ ಒತ್ತಿಕೊಂಡು ಕೂತರೆ ಅದು ಸೊಟ್ಟಗಾಗಬಹುದು. ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ.

ಊರಿಗೆ ಮರಳಿದ ಮೇಲೆ ಮುಂದಿನ ಚಕ್ರಗಳನ್ನು ಬಿಚ್ಚಿ ಪ್ಯಾಡಿನ ದಪ್ಪ ಅಳೆಯಿರಿ, ಬ್ರೇಕ್ ಆಯಿಲಿನ ಬಣ್ಣ ನೋಡಿ, ಇಂಜಿನ್ ಆಯಿಲ್ ಬದಲಿಸಿ. ಆಮೇಲೆ ಮುಂದಿನ ಟೈರಿನ ಹೊರ ಅಂಚನ್ನು ಕೈಯಿಂದ ಸವರಿ. ಒಳ ಅಂಚು ಹೊಸದರಂತಿದ್ದು ಹೊರ ಅಂಚು ಉಜ್ಜಿ ಹೋಗಿದ್ದರೆ, ತಿರುವಿನಲ್ಲಿ ಕಾರು ವಾಲಿದಾಗ ಟೈರ್ ಹೊರ ಭುಜದ ಮೇಲೆ ನಿಲ್ಲುತ್ತಿದೆ ಎಂದರ್ಥ. ಅದಕ್ಕೆ ಮದ್ದು ಮುಂದಿನ ಚಕ್ರಗಳ ತಲೆಯನ್ನು ತುಸು ಒಳಕ್ಕೆ ವಾಲಿಸುವ ಕ್ಯಾಂಬರ್ ಬೋಲ್ಟ್. ಒಂದು ಡಿಗ್ರಿಯಿಂದ ಶುರು ಮಾಡಿ, ಅಲೈನ್‌ಮೆಂಟ್ ಮತ್ತೆ ಮಾಡಿಸಿ, ಮುಂದಿನ ಸಲ ಹೋಗಿ ಬಂದ ಮೇಲೆ ಅದೇ ಅಂಚನ್ನು ಇನ್ನೊಮ್ಮೆ ಸವರಿ ನೋಡಿ. ಎರಡೂ ಅಂಚು ಸಮನಾಗಿ ಸವೆಯುವವರೆಗೆ ಬೇರೆ ಯಾವ ಭಾಗಕ್ಕೂ ದುಡ್ಡು ಕೊಡಬೇಡಿ.